ಗಾನವಿಯ ಸಾಲಕ್ಕೆ ನನ್ನ ಸಹಿ

ಯೂನಿಯನ್ ಸಿಟಿ
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ನಂಜಕ್ಕನಿಗೆ ಭದ್ರಿಯ ನಮಸ್ಕಾರಗಳು.

ಇವತ್ತು ಸಂಕಷ್ಟಿ, ಚಂದ್ರ ಕಾಣುವವರೆಗೆ ಉಪವಾಸ. ಎದ್ದು ಬಾಲ್ಕನಿ ಗುಡಿಸಿ, ಗಣಪತಿಗೆ ಗರಿಕೆ ಏರಿಸಿ, ಯಜಮಾನರಿಗೂ ಮಗಳು ಗಾನವಿಗೂ ಉಪ್ಪಿಟ್ಟು ಮಾಡಿಟ್ಟು, ಬಟ್ಟೆಯನ್ನು ಕೆಳಗಿನ ಮೆಷಿನ್ನಿಗೆ ಹಾಕಿ ಬಂದು ಕೂತಿದ್ದೇನೆ. ಅಮೆರಿಕದಲ್ಲಿ ಗರಿಕೆ ಎಲ್ಲಿಂದ ಬಂತು ಎನ್ನಬೇಡ. ರೈಲ್ವೆ ಸ್ಟೇಷನ್ನಿನ ಪಾರ್ಕಿಂಗ್ ಬದಿಯಲ್ಲಿ ದಂಡಿಯಾಗಿ ಬೆಳೆಯುತ್ತದೆ, ಯಾರೂ ಮುಟ್ಟುವುದಿಲ್ಲ.

ಯುಗಾದಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ತಮ್ಮನ ಮಗಳು ಶಿವಾನಿ ನಡುವೆ ನಿಂತು ಕೂಗಿ ಹೇಳಿದರೆ ಅರ್ಧ ಮಾತು ಅವಳ ಹತ್ತಿರವೇ ಉಳಿಯುತ್ತದೆ. ಈ ಮಾತು ಹಾಗೆ ಉಳಿಯಬಾರದು.

ಗಾನವಿ ನರ್ಸ್ ಆಗುತ್ತಾಳಂತೆ. ಮಂಡ್ಯದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನೀನು, ನಿನಗಲ್ಲದೆ ಯಾರಿಗೆ ಹೇಳಲಿ? ಇಲ್ಲಿ ಅದಕ್ಕೆ ಎರಡು ದಾರಿ. ಒಂದು ಕಮ್ಯುನಿಟಿ ಕಾಲೇಜು. ಫೀಸು ಕಡಿಮೆ, ನಾವೇ ಹೇಗೋ ಕಟ್ಟಬಹುದು. ಆದರೆ ಸೀಟಿಗಿಂತ ಕೇಳುವವರು ಎಷ್ಟೋ ಪಾಲು ಹೆಚ್ಚು, ಅದಕ್ಕೆ ಇವಳು ಅರ್ಜಿ ಹಾಕಿದ ಕಾಲೇಜಿನಲ್ಲಿ ಚೀಟಿ ಎತ್ತುತ್ತಾರೆ! ಕೆರೆ ನೀರಿನ ಸರದಿಗೆ ಅಪ್ಪ ಎಲ್ಲರೆದುರು ಚೀಟಿ ಎತ್ತಿಸುತ್ತಿದ್ದರಲ್ಲ, ಹಾಗೆಯೇ. ಇಲ್ಲಿ ಮಗುವಿನ ಕೈಯ ಬದಲು ಕಂಪ್ಯೂಟರು. ನನಗೆ ಬಹಳ ಹಿಡಿಸಿತು. ಆದರೆ ಗಾನವಿಯ ಹೆಸರು ಬರಲಿಲ್ಲ, ಮುಂದಿನ ವರ್ಷದ ತನಕ ಕಾಯಬೇಕು.

ಇನ್ನೊಂದು ಪ್ರೈವೇಟ್ ಕಾಲೇಜು. ಆಗಸ್ಟಿನಲ್ಲೇ ಶುರು, ಚೀಟಿಗೀಟಿ ಇಲ್ಲ. ಆದರೆ ಸಾಲ ಲಕ್ಷ ಡಾಲರಿನ ಮೇಲೆ. ಆ ಸಾಲಕ್ಕೆ ನನ್ನ ಸಹಿ ಬೇಕು. ಯಜಮಾನರದು ಗ್ರೋಸರಿ ಅಂಗಡಿಯ ಕೆಲಸ, ಒಂದು ವಾರ ಇದ್ದರೆ ಒಂದು ವಾರ ಇಲ್ಲ. ಡೇಕೇರಿನಲ್ಲಿ ಮಕ್ಕಳಿಗೆ ಊಟ ಮಾಡಿಸುವ ನನ್ನ ಸಂಬಳವೇ ಬ್ಯಾಂಕಿನವರಿಗೆ ಗಟ್ಟಿಯಾಗಿ ಕಂಡಿದೆ. ತಿಂಗಳ ಕೊನೆಯೊಳಗೆ ಸಹಿ ಹಾಕದಿದ್ದರೆ ಸೀಟು ಹೋಗುತ್ತದೆ.

ನನಗೆ ಗೊತ್ತಿರುವುದು ಒಂದೇ ವಿದ್ಯೆ, ಕೇಳುವುದು. ಮೇಲಿನ ಮನೆಯಲ್ಲಿ ಮರಿಸೆಲ್ ಎಂಬ ಫಿಲಿಪೀನ್ಸಿನ ಹುಡುಗಿ ಇದ್ದಾಳೆ, ನರ್ಸು. ಬಟ್ಟೆ ಒಗೆಯುವಲ್ಲಿ ಸಿಕ್ಕಳು. ನನಗೆ ಬರುವ ಇಂಗ್ಲಿಷಿನಲ್ಲಿ, "ನಿನ್ನ ಸಂಬಳ ಎಷ್ಟಮ್ಮ? ಸಾಲ ಎಷ್ಟಿದೆ?" ಎಂದು ಕೇಳಿಬಿಟ್ಟೆ. ಪಕ್ಕದಲ್ಲಿದ್ದ ಗಾನವಿ ನಾಚಿಕೆಯಿಂದ ಬಟ್ಟೆ ಬುಟ್ಟಿಯನ್ನೇ ಮುಖಕ್ಕೆ ಹಿಡಿದುಕೊಂಡಳು.

"ಅಮ್ಮಾ, ಸ್ಟಾಪ್! ಇಲ್ಲಿ ಯಾರನ್ನೂ ಸ್ಯಾಲರಿ ಕೇಳಬಾರದು. ಸೋ ರೂಡ್!"

"ರೂಡ್ ಯಾಕೆ? ನಾನೇನು ಅವಳ ಸಂಬಳದಲ್ಲಿ ಪಾಲು ಕೇಳಿದ್ನಾ?"

ಮರಿಸೆಲ್ ನಕ್ಕು ಎಲ್ಲ ಹೇಳಿದಳು. ಕಮ್ಯುನಿಟಿ ಕಾಲೇಜಿನವಳೇ, ಮೂರನೆಯ ಚೀಟಿಗೆ ಹೆಸರು ಬಂದದ್ದಂತೆ. ಸಾಲವಿಲ್ಲ. ಮೊದಲು ಸೇರಿದ ವಾರ್ಡು ಮನಸ್ಸಿಗೆ ಹಿಡಿಸದೆ ಬಿಟ್ಟು, ಸಂಬಳ ಕಡಿಮೆಯಾದರೂ ಬಾಣಂತಿಯರ ಕಡೆಗೆ ಹೋದಳಂತೆ.

ಆಮೇಲೆ ಲಿವರ್‌ಮೋರ್ ದೇವಸ್ಥಾನದಲ್ಲಿ ಅಡುಗೆಯ ಸೇವೆಗೆ ಹೋದಾಗ ಹಾಸನದ ಹಂಸಾ ಸಿಕ್ಕಳು. ಅವಳು ಪ್ರೈವೇಟಿನಲ್ಲಿ ಓದಿದ ನರ್ಸು. ಬೀನ್ಸ್ ಹೆಚ್ಚುತ್ತಾ ಅವಳನ್ನೂ ಕೇಳಿದೆ.

"ಶುರುವಿನ ಸಂಬಳ ನಮ್ಮ ಆಸ್ಪತ್ರೇಲಿ ಎರಡೂ ಥರದ ಕಾಲೇಜಿನವರಿಗೂ ಹೆಚ್ಚುಕಮ್ಮಿ ಒಂದೇ ಆಂಟಿ," ಎಂದಳು. "ಪ್ರೈವೇಟಿನ ದೊಡ್ಡ ಡಿಗ್ರಿ ಇದ್ರೆ ಮುಂದೆ ಮೇಲಕ್ಕೆ ಹೋಗೋಕೆ ಅನುಕೂಲ, ಸುಳ್ಳು ಹೇಳಲ್ಲ. ಆದ್ರೆ ಒಂಬತ್ತು ವರ್ಷ ಆಯ್ತು, ನಾನಿನ್ನೂ ಕಟ್ತಾನೇ ಇದೀನಿ. ನೈಟ್ ಶಿಫ್ಟಿಗೆ ದುಡ್ಡು ಜಾಸ್ತಿ. ಅದಕ್ಕೇ ನೈಟು ಬಿಡಕ್ಕಾಗಿಲ್ಲ."

"ಹಾಗಾದ್ರೆ ಯಾವುದು ವಾಸಿನಮ್ಮ?"

"ಅದನ್ನ ನಿದ್ದೆ ಮಾಡಿದ ಮೇಲೆ ಹೇಳ್ತೀನಿ ಆಂಟಿ!" ಎಂದು ಆಕಳಿಸಿದಳು. ಎಲ್ಲರೂ ನಕ್ಕೆವು.

ಮನೆಗೆ ಬಂದು ಹೇಳಿದರೆ ಯಜಮಾನರು ಒಪ್ಪಲಿಲ್ಲ. "ಕಾದ ವರ್ಷದ ಸಂಬಳ ಹೋಗುತ್ತಲ್ಲ, ಅದ್ಯಾಕೆ ನಿನ್ನ ಲೆಕ್ಕಕ್ಕೆ ಬರಲ್ಲ? ಮುಂದಿನ ವರ್ಷಾನೂ ಚೀಟಿ ಬರದಿದ್ರೆ?" ಎಂದರು. ಅದೂ ನ್ಯಾಯವೇ, ಅಕ್ಕ. ಕಾಯುವ ವರ್ಷ ಸುಮ್ಮನೆ ಕೂರಬೇಕಾಗಿಲ್ಲ, ಕೆಲವೇ ತಿಂಗಳು ಕಲಿತು ಆಸ್ಪತ್ರೆಯಲ್ಲಿ ನರ್ಸಿನ ಕೈಕೆಳಗೆ ದುಡಿಯಬಹುದು ಎಂದು ಮರಿಸೆಲ್ ಹೇಳಿದ್ದಳು. ಅದನ್ನು ಹೇಳಿದೆ. ಗಾನವಿ ಮಾತ್ರ ಒಲ್ಲೆ ಎಂದು ತಲೆಯಾಡಿಸಿದಳು. ಅವಳಿಗೆ ಈಗಲೇ ಆಗಬೇಕು. ಯಾಕಿಷ್ಟು ಅವಸರ ಎಂದು ಕೇಳಿದೆ. ಅವಳು ಹೇಳಿದ್ದನ್ನು ಕೆಳಗೆ ಬರೆಯುತ್ತೇನೆ, ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಹಂಸಾ ಮಂಗಳವಾರ ಊರಿಗೆ ಹೊರಟಿದ್ದಾಳೆ, ಈ ಕಾಗದದ ಜೊತೆ ನೋವಿನ ಎಣ್ಣೆಯೂ ಇದೆ. ನರ್ಸಮ್ಮ ಎಂಬ ಜಂಬದಲ್ಲಿ ಮೂಲೆಗಿಡಬೇಡ, ಹಚ್ಚಿಕೋ. ಶಿವಾನಿಗೆ ನನ್ನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಆಗಲಿ. ವಿಘ್ನೇಶ್ವರ ನಿನ್ನನ್ನು ಕಾಪಾಡಲಿ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲಿರಲಿ.

ನಿನ್ನ ತಂಗಿ,
ಭದ್ರಮ್ಮ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು: ಗಾನವಿ ಹೇಳಿದ್ದು ಇಷ್ಟು. "ನಾನು ಬೇಗ ದುಡಿಯೋಕೆ ಶುರು ಮಾಡಿದ್ರೆ ನೀನು ಡೇಕೇರ್ ಬಿಡಬಹುದು ಅಮ್ಮ, ಅಪ್ಪ ಮೂಟೆ ಎತ್ತೋದು ಬೇಡ. ಮದುವೆಗಿದುವೆ ಎಲ್ಲಾ ಆಮೇಲೆ, ಐ ಡೋಂಟ್ ಮೈಂಡ್." ಯಜಮಾನರ ಕಣ್ಣು ತುಂಬಿ ಬಂತು, ಎಂಥ ಮಗಳು ಎಂದರು. ನನಗೆ ನೀನು ನೆನಪಾದೆ. ಬನ್ನೂರಿನ ಗಂಡು ನಿನ್ನನ್ನು ಒಪ್ಪಿಕೊಂಡು ಹೋದ ದಿನ ಪಡಸಾಲೆಯಲ್ಲಿ ನಿಂತು ನೀನೂ ಹೀಗೇ ಹೇಳಿದ್ದೆ. "ಮೊದಲು ಭದ್ರಿದಾಗ್ಲಿ, ತಮ್ಮ ಓದ್ಲಿ, ನಂದು ಆಮೇಲೆ, ನಂಗೇನೂ ಬೇಜಾರಿಲ್ಲ." ಅಪ್ಪನ ಕಣ್ಣೂ ಹೀಗೇ ತುಂಬಿತ್ತು. ಆಮೇಲೆ ಎನ್ನುವುದು ನಿನಗೆ ಬರಲೇ ಇಲ್ಲ.

ಅವತ್ತು ನಿಜವಾಗಿಯೂ ಬೇಜಾರಿರಲಿಲ್ಲವಾ ಅಕ್ಕ? ಇಲ್ಲವೇ ನಾವೆಲ್ಲ ಸುತ್ತ ಕೂತು ನಿನ್ನ ಮುಖವನ್ನೇ ನೋಡುತ್ತಿದ್ದೆವಲ್ಲ, ಅದಕ್ಕೆ ಹಾಗಂದೆಯಾ? ಮನಸಾರೆ ಅಂದದ್ದಾದರೆ ಬರೆ, ನಾನು ಸಹಿ ಹಾಕುತ್ತೇನೆ. ಅಲ್ಲವಾದರೆ ಮಗಳು ಎಷ್ಟೇ ಅತ್ತರೂ ಪೆನ್ನು ಮುಟ್ಟುವುದಿಲ್ಲ, ಅವಳು ಮುಂದಿನ ಚೀಟಿಗೆ ಕಾಯಲಿ. ಚೆನ್ನಾಗಿದ್ದೇನೆ ಎಂದು ಮಾತ್ರ ಬರೆದು ಕಳಿಸಬೇಡ. ಹಂಸಾ ಇಪ್ಪತ್ತೆಂಟಕ್ಕೆ ವಾಪಸು ಬರುತ್ತಾಳೆ. ಅದಕ್ಕೆ ಮೊದಲು, ಇಪ್ಪತ್ತಾರರ ಗುರುವಾರ, ಅವಳ ಅಣ್ಣ ದೇವೇಂದ್ರಪ್ಪನವರು ನಿನ್ನ ಉತ್ತರ ತೆಗೆದುಕೊಂಡು ಹೋಗಲು ಮನೆಗೆ ಬರುತ್ತಾರೆ. ಬರೆದು ಆಗಿರದಿದ್ದರೆ ಅವರಿಗೆ ಕಾಫಿ ಕೊಟ್ಟು ಕೂರಿಸು, ಬರೆದು ಮುಗಿಸಿಯೇ ಕಳಿಸು. ಬರಿಗೈಯಲ್ಲಿ ಏಳಬೇಡಿ ಎಂದು ಅವರಿಗೂ ಹೇಳಿಸಿದ್ದೇನೆ.