ಹಗುರವಾದ ದುರ್ಬೀನು

ವಾನ್, ಒಂಟಾರಿಯೊ
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಸುಮುಖ್,

ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಹೇಗಿದ್ದೀ? ಬಲ ಭುಜದ ನೋವು ಕಡಿಮೆಯಾಯಿತೇ? ದಿನವಿಡೀ ಲಾರಿ ಓಡಿಸುವವನು ಮಲಗುವ ಮುಂಚೆಯಾದರೂ ಒಂದಿಷ್ಟು ಎಣ್ಣೆ ಹಚ್ಚಿ ತಿಕ್ಕಿಕೊಳ್ಳಬೇಕು. ಬ್ರ್ಯಾಂಪ್ಟನ್ನಿನಲ್ಲಿದ್ದಾಗ ವಾರಕ್ಕೊಮ್ಮೆ ಬಂದು ನನ್ನ ಕೈಯ ರೊಟ್ಟಿ ತಿಂದು ಹೋಗುತ್ತಿದ್ದೆ. ಈಗ ಆ ಕ್ಯಾಲ್ಗರಿಯಲ್ಲಿ ಏನು ತಿನ್ನುತ್ತೀ ಎಂದು ಕೇಳಿದರೆ ‘ಎಲ್ಲಾ ಸಿಗತೈತಿ ಯವ್ವಾ’ ಎಂದು ಫೋನು ಇಟ್ಟುಬಿಡುತ್ತೀ. ಸಿಗುವುದು ಬೇರೆ, ತಿನ್ನುವುದು ಬೇರೆ. ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು. ನಿಧಿ ಅವಳಪ್ಪ, ನಿನ್ನ ಅಣ್ಣನ ಹಾಗೇ ಎತ್ತರವಾಗಿದ್ದಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ನಿನ್ನ ಅತ್ತಿಗೆ ಪ್ರಕೃತಿ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಉಣ್ಣುತ್ತಾಳೆ. ಅವಳ ಬಗ್ಗೆ ಅದಕ್ಕಿಂತ ಹೆಚ್ಚು ಬರೆಯಲು ನನಗೆ ತಿಳಿಯದು. ಗರಾಜಿನಲ್ಲಿ ನಿನ್ನ ಅಣ್ಣನ ಬೇಟೆಯ ಸಾಮಾನಿರುವ ಮೂಲೆಗೆ ನಾವಿಬ್ಬರೂ ಹೋಗುವುದಿಲ್ಲ. ಚಳಿಗಾಲದ ಟೈರು ಬೇಕಾದಾಗ ಪಕ್ಕದ ಮನೆಯ ಶ್ರೀನಾಥನನ್ನು ಕರೆದು ತೆಗೆಸಿದೆವು.

ಈಗ ವಿಷಯಕ್ಕೆ ಬರುತ್ತೇನೆ. ‘ಅಣ್ಣನ ದುರ್ಬೀನು ಕಳಿಸಿ, ಈ ಸಲ ಗುಡ್ಡಕ್ಕ ಹೋಗಾಂವ ಇದೀನಿ, ಅವ್ವಗ ಹೇಳಬ್ಯಾಡ್ರಿ’ ಎಂದು ನೀನು ಅತ್ತಿಗೆಗೆ ಫೋನು ಮಾಡಿದ್ದೆಯಂತೆ. ಅವಳು ಪಾತ್ರೆ ತೊಳೆಯುತ್ತಾ ನನಗೆ ಬೆನ್ನು ಹಾಕಿಕೊಂಡೇ ಹೇಳಿದಳು. ಹೇಳದೆ ಏನು ಮಾಡುತ್ತಾಳೆ? ಒಂದೇ ಸೂರಿನ ಕೆಳಗೆ ಇರುವವರು ನಾವು. ಕೇಳಿದೊಡನೆ ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ನೀನು ಎದುರಿಗಿದ್ದಿದ್ದರೆ ಮೂವತ್ತನಾಲ್ಕು ವರ್ಷದ ಗಂಡಸು ಎಂದು ನೋಡದೆ ಎರಡು ಬಾರಿಸಿಬಿಡುತ್ತಿದ್ದೆ. ನಿಮ್ಮ ಮುತ್ತಜ್ಜ ಹಂದಿ ಬೇಟೆಗೆ ಹೋಗುತ್ತಿದ್ದನಂತೆ. ನಿಮ್ಮ ಅಪ್ಪ ರುದ್ರಪ್ಪನವರು ಇಲಿ ಬೋನು ಇಡಲೂ ಅಂಜುತ್ತಿದ್ದರು, ಆ ಗುಣವಾದರೂ ನಿಮಗೆ ಬರಬಾರದಿತ್ತೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳದೆ ಓದು. ಎರಡು ವರ್ಷದ ಹಿಂದೆ ದಸರೆ ಮುಗಿದ ಮೇಲೆ ನಿನ್ನ ಅಣ್ಣ ಅಭಿನಂದನ್ ನೀನೀಗ ಇರುವ ಆ ಆಲ್ಬರ್ಟಾಕ್ಕೇ ಹೊರಟ. ಪ್ರತಿ ಸಲ ಅವನ ಫ್ಯಾಕ್ಟರಿಯ ಟೋನಿ ಜೊತೆಗಿರುತ್ತಿದ್ದ. ಬೇಟೆ ಕಲಿಸಿದವನೂ ಅವನೇ. ಆ ಸಲ ಟೋನಿಗೆ ಮಂಡಿ ಆಪರೇಷನ್ ಆಗಿತ್ತು, ಇವನು ಒಬ್ಬನೇ ಹೋದ. ಬೆಳಗ್ಗೆ ಏರ್‌ಪೋರ್ಟಿನ ಟ್ಯಾಕ್ಸಿ ಬಂದು ನಿಂತಿತ್ತು. ನಾನು ಬಾಗಿಲಲ್ಲಿ ನಿಂತು ‘ದೂರ ಹೊಂಟೀಯೇನಪಾ?’ ಎಂದೆ. ‘ಹೂಂ ಯವ್ವಾ, ದೂರ’ ಎಂದು ನಕ್ಕ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅದರಲ್ಲೂ ಬೇಟೆಗೆ ಹೊರಟವನನ್ನು ಕೇಳಿದರೆ ಬರಿಗೈಯಲ್ಲಿ ಬರುತ್ತಾನೆ ಎಂದು ನನ್ನ ಅತ್ತೆ ಗುರುಬಸವ್ವ ಯಾವಾಗಲೂ ಹೇಳುತ್ತಿದ್ದಳು. ಪ್ರಕೃತಿಯೂ ರಾಣೇಬೆನ್ನೂರಿನ ಹುಡುಗಿಯೇ, ಅವಳೂ ಕೇಳಲಿಲ್ಲ. ನೀನು ಹಿಂದಿನ ದಿನ ಫೋನಿನಲ್ಲಿ ಅಷ್ಟು ಹೊತ್ತು ಹರಟಿದೆ, ನೀನೂ ಕೇಳಲಿಲ್ಲ. ಮನೆಯವರೆಲ್ಲ ಸೇರಿ ಅವನ ಬೇಟೆ ಕೆಡದಂತೆ ನೋಡಿಕೊಂಡೆವು.

ಅವನು ಬರಬೇಕಾದ ದಿನ ಬರಲಿಲ್ಲ. ಅಲ್ಲಿಯ ಪೊಲೀಸರು ಫೋನಿನಲ್ಲಿ ಪ್ರಕೃತಿಯನ್ನು ಮತ್ತೆ ಮತ್ತೆ ಒಂದೇ ಮಾತು ಕೇಳಿದರು: ಯಾವ ಕಣಿವೆ, ಯಾವ ರಸ್ತೆ, ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದ? ಅವಳು ನನ್ನ ಮುಖ ನೋಡಿದಳು. ‘ದೂರ ಅಂದಿದ್ದ’ ಎಂದೆ. ಬೇರೆ ಏನು ಹೇಳಬೇಕೋ ತಿಳಿಯದೆ ಅವಳು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಫಾರ್’ ಎಂದಳು. ಆ ಕಡೆಯ ಮನುಷ್ಯ ಅದು ಊರಿನ ಹೆಸರೆಂದುಕೊಂಡು ಸ್ಪೆಲಿಂಗ್ ಕೇಳಿದ.

ಟೋನಿ ತಾವು ಹಿಂದಿನ ವರ್ಷ ಹೋಗಿದ್ದ ಕಣಿವೆಯ ಹೆಸರು ಹೇಳಿದ. ಹೆಲಿಕಾಪ್ಟರು, ನಾಯಿಗಳು, ಪಾಪ ಎಷ್ಟೋ ಜನ ಅಲ್ಲಿ ಹುಡುಕಿದರು. ಕೆಲಸ ಬಿಟ್ಟು ಓಡಿದ ನೀನೂ ಅಲ್ಲೇ ಹುಡುಕಿದೆ. ಅವನು ಬಾಡಿಗೆಗೆ ಹಿಡಿದಿದ್ದ ಗಾಡಿ ನಿಂತಿದ್ದದ್ದು ಗುಡ್ಡದ ಆಚೆ ಮಗ್ಗುಲಿಗೆ. ಅದು ಯಾರದೋ ಕಣ್ಣಿಗೆ ಬೀಳುವ ಹೊತ್ತಿಗೆ ಹಿಮ ಸುರಿದು ಮೇಲಿನ ದಾರಿಗಳೆಲ್ಲ ಮುಚ್ಚಿದ್ದವು. ಜೂನಿನಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದ. ಕಾಲು ಮುರಿದಿತ್ತಂತೆ. ಬಂಡೆಯ ಮರೆಯಲ್ಲಿ ಕೂತಿದ್ದನಂತೆ, ಪಕ್ಕದಲ್ಲಿ ಹಲವು ಸಲ ಬೆಂಕಿ ಹಾಕಿದ ಗುರುತು ಇತ್ತಂತೆ. ಕೂತಿದ್ದ ಎಂದರೆ ನಮಗಾಗಿ ಕಾದಿದ್ದ ಎಂದೇ ಅರ್ಥ ಸುಮುಖ್. ನನ್ನ ಮಗ ಕಾಯುತ್ತಾ ಸತ್ತ. ಇದನ್ನು ನಾನು ಇಲ್ಲಿಯವರೆಗೆ ಯಾರೆದುರೂ ಬಾಯಿಬಿಟ್ಟು ಹೇಳಿಲ್ಲ, ನೀನೂ ಹೇಳಿಲ್ಲ. ಹುಡುಕಲು ಹೋದವನು ಅಲ್ಲೇ ಕೆಲಸ ಹಿಡಿದು ಉಳಿದುಬಿಟ್ಟೆ, ನನಗೆ ಕಾರಣ ಗೊತ್ತಿಲ್ಲವೆಂದುಕೊಳ್ಳಬೇಡ.

ಅವನ ದುರ್ಬೀನು ಗಾಡಿಯ ಸೀಟಿನ ಮೇಲೇ ಸಿಕ್ಕಿತ್ತು. ಭಾರವೆಂದು ಬಿಟ್ಟು ಏರಿದ್ದ. ಗುಡ್ಡದಲ್ಲಿ ಮೊದಲು ಕಣ್ಣು ನಡೆಯಬೇಕು, ಆಮೇಲೆ ಕಾಲು ಎಂದು ಟೋನಿ ನಮ್ಮ ಸೋಫಾದಲ್ಲಿ ಕೂತು ಅತ್ತ. ಕೊರಳಲ್ಲಿ ದುರ್ಬೀನಿದ್ದಿದ್ದರೆ ಕೂತಲ್ಲಿಂದಲೇ ಎದುರಿನ ಇಳಿಜಾರೆಲ್ಲ ನೋಡಿಕೊಂಡು, ಪ್ರಾಣಿ ಇದ್ದರೆ ಹೋಗುತ್ತಿದ್ದ, ಇಲ್ಲದಿದ್ದರೆ ಆ ಕಲ್ಲುಗಳನ್ನು ದಾಟುತ್ತಲೇ ಇರಲಿಲ್ಲ ಎಂದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅದರ ಕಲ್ಲು ಮುಳ್ಳು ತೋರಿಸುವ ವಸ್ತುವನ್ನೇ ಅವನು ಗಾಡಿಯಲ್ಲಿ ಇಟ್ಟು ಹೋದ. ಆದ್ದರಿಂದ ಆ ಭಾರದ ದುರ್ಬೀನನ್ನು ನಾನು ನಿನಗೆ ಕಳಿಸುವುದಿಲ್ಲ. ನೀನೂ ಬಿಟ್ಟು ಹೋಗುತ್ತೀ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೀವು.

ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ಪ್ರಕೃತಿಯನ್ನು ಹೊರಡಿಸಿಕೊಂಡು ನಾನೇ ಬೇಟೆ ಸಾಮಾನಿನ ಅಂಗಡಿಗೆ ಹೋದೆ. ಸೀರೆಯುಟ್ಟ ಮುದುಕಿಯನ್ನು ಕಂಡು ಅಂಗಡಿಯ ಹೆಂಗಸು ದಾರಿ ತಪ್ಪಿ ಬಂದಿದ್ದೇವೆ ಎಂದುಕೊಂಡಳು. ಎಲ್ಲಕ್ಕಿಂತ ಹಗುರವಾದದ್ದು ಕೊಡು ಎಂದಿದ್ದಕ್ಕೆ ಅಂಗೈಯಲ್ಲಿ ಅಡಗುವಂಥದ್ದೊಂದು ಕೊಟ್ಟಳು. ಹೊರಗಿನ ಬಿಸಿಲಿಗೆ ಚೆನ್ನಾಗಿತ್ತು. ಅಂಗಡಿಯ ಕತ್ತಲೆ ಮೂಲೆಯತ್ತ ತಿರುಗಿಸಿದರೆ ಮಂಕು ಕವಿಯಿತು. ಗಾಜು ಅಷ್ಟು ಸಣ್ಣದಾದರೆ ಬೆಳಕು ಎಲ್ಲಿಂದ ಬರಬೇಕು? ಪ್ರಾಣಿಗಳು ಮೇಯಲು ಬರುವುದೇ ನಸುಕಿನಲ್ಲಿ, ಸಂಜೆಗತ್ತಲಲ್ಲಿ. ಆಮೇಲೆ ಹತ್ತು ಪಟ್ಟು ಹತ್ತಿರ ತೋರಿಸುವುದು ಕೊಟ್ಟಳು. ಅದರಲ್ಲಿ ನನ್ನ ಕೈನಡುಕವೂ ಹತ್ತು ಪಟ್ಟಾಗಿ, ಗೋಡೆಗೆ ಹಾಕಿದ ಜಿಂಕೆಯ ತಲೆ ಕುಣಿಯತೊಡಗಿತು. ನಿನ್ನ ಕೈ ಗಟ್ಟಿಯಿರಬಹುದು, ಆದರೆ ಗುಡ್ಡ ಹತ್ತಿ ಏದುಸಿರು ಬಿಡುವಾಗ ಯಾರ ಕೈಯೂ ನಿಲ್ಲುವುದಿಲ್ಲ. ಕೊನೆಗೆ ಎಂಟು ಪಟ್ಟಿನದು, ಮುಂದಿನ ಗಾಜು ಮೂವತ್ತೆರಡು ಮಿಲಿಮೀಟರಿನದು ಹಿಡಿಸಿತು. ಅರ್ಧ ಕಿಲೋ ಸಕ್ಕರೆಯ ಪೊಟ್ಟಣದಷ್ಟು ತೂಕ. ನಿನಗೂ ನನ್ನ ಹಾಗೆ ಕನ್ನಡಕವಲ್ಲವೇ, ಕನ್ನಡಕ ತೆಗೆಯದೆಯೇ ಒಳಗಿನ ನೋಟ ಅಂಚು ಕತ್ತರಿಸದೆ ಪೂರ್ತಿ ದುಂಡಗೆ ಕಾಣಿಸುತ್ತದೆ. ಒಳಗೆ ನೀರಾಗಲಿ ಹಬೆಯಾಗಲಿ ಹೋಗುವುದಿಲ್ಲವಂತೆ. ನೋಟ ಸ್ಪಷ್ಟ ಮಾಡುವ ನಡುವಿನ ಗಾಲಿಯನ್ನು ನಿಧಿಯ ಉಣ್ಣೆಯ ಕೈಗವಸು ಹಾಕಿಕೊಂಡೇ ತಿರುಗಿಸಿ ನೋಡಿದ್ದೇನೆ, ತಿರುಗುತ್ತದೆ.

ಕೊಂಡದ್ದಷ್ಟೇ ಅಲ್ಲ, ಕೊರಳಿಗೆ ಹಾಕಿಕೊಂಡು ಮನೆಗೆಲಸವನ್ನೆಲ್ಲ ಮಾಡಿ ನೋಡಿದೆ. ರೊಟ್ಟಿ ಬಡಿದೆ, ಬೇಸ್‌ಮೆಂಟಿನ ಮೆಟ್ಟಿಲು ಹತ್ತಿಳಿದೆ, ಬಗ್ಗಿ ಬಟ್ಟೆ ತೆಗೆದೆ. ಅದರ ಜೊತೆ ಕೊಟ್ಟಿದ್ದ ದಾರ ಕೊರಳು ಕೊಯ್ಯಿತು, ಬಗ್ಗಿದಾಗ ದುರ್ಬೀನು ಹಿಟ್ಟಿಗೆ ಬಡಿಯಿತು. ಮರುದಿನ ಹೋಗಿ ಎರಡೂ ಹೆಗಲಿಗೆ ಹಾದು ಎದೆಗೆ ಒತ್ತಿ ಕೂರುವ ಪಟ್ಟಿ ತಂದೆವು. ಈಗ ಇದೆ ಎನ್ನುವುದೇ ಮರೆತುಹೋಗುತ್ತದೆ. ‘ಅಜ್ಜೀ, ಯು ಲುಕ್ ಲೈಕ್ ಅ ಸ್ಪೈ!’ ಎಂದು ನಿಧಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟು ಕಾಲವಾಯಿತೋ. ಪ್ರಕೃತಿ ಒಲೆ ಆರಿಸಿ ಮೇಲೆ ಕೋಣೆಗೆ ಹೋದಳು.

ಸಂಜೆ ಮನೆಯ ಹಿಂದಿನ ಮಳೆನೀರಿನ ಕೊಳದ ಹತ್ತಿರ ನಿಂತು ನೋಡಿದೆ. ಆಚೆ ದಡದ ಜೊಂಡಿನಲ್ಲಿ ಒಂದು ಬಕ ನಿಂತಿದೆ ಎಂದು ನಿಧಿ ಬೆರಳು ಮಾಡಿ ತೋರಿಸಿದಳು. ನನ್ನ ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ದುರ್ಬೀನಿನಲ್ಲಿ ಅದರ ಕಣ್ಣಿನ ಹಳದಿಯೂ ಕಂಡಿತು. ಅವಳು ತೋರಿಸದಿದ್ದರೆ ಕತ್ತಲಾಗುವವರೆಗೂ ನಾನು ಈಚೆ ದಡವನ್ನೇ ನೋಡುತ್ತಿದ್ದೆ. ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಿಧಿ ಹೆದರಿದಳು ಪಾಪ.

ಹೋಗಬೇಡ ಎಂದು ನಾನು ಬರೆಯುವುದಿಲ್ಲ. ಬೇಡವೆಂದರೆ ಸುಳ್ಳು ಹೇಳಿ ಹೋಗುತ್ತೀ, ನಿನ್ನ ಸುಳ್ಳಿಗಿಂತ ಆ ಗುಡ್ಡವೇ ವಾಸಿ. ಅಣ್ಣ ಕೂತಿದ್ದ ಜಾಗವನ್ನು ನೋಡದೆ ನಿನಗೆ ನಿದ್ದೆ ಬರುವುದಿಲ್ಲ, ಬೇಟೆ ಒಂದು ನೆಪ, ಅಷ್ಟು ನನಗೆ ತಿಳಿಯುತ್ತದೆ. ಒಬ್ಬನೇ ಮಾತ್ರ ಹೋಗಬೇಡ. ದುರ್ಬೀನನ್ನು ಎದೆಯಿಂದ ಬಿಚ್ಚಬೇಡ, ಹಗುರವಾದದ್ದನ್ನು ಆರಿಸಿದ್ದೇ ಅದಕ್ಕಾಗಿ. ಟೋನಿ ನಿನ್ನ ಯೋಗಕ್ಷೇಮ ಕೇಳಿದ್ದಾನೆ. ಪ್ರಕೃತಿ ಪೆಟ್ಟಿಗೆ, ಟೇಪು ಎಲ್ಲ ತಂದು ಮೇಜಿನ ಮೇಲೆ ಇಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರಗುಡ್ಡದ ಮಾಲತೇಶ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅವ್ವ,
ಗಿರಿಜವ್ವ

ತಾ. ಕ.: ಫೋನಿನಲ್ಲಿ ಹೇಳದೆ ಕಾಗದ ಬರೆದದ್ದು ಏಕೆಂದರೆ, ಬಾಯಿಂದ ಕೇಳಬಾರದು ಎಂದು ಹಿರಿಯರು ಹೇಳಿದ್ದಾರೆ, ಬರೆದು ಕೇಳಬಾರದು ಎಂದು ಯಾರೂ ಹೇಳಿಲ್ಲ. ಎಲ್ಲಿಗೆ ಹೊಂಟೀ ಸುಮುಖ್? ಯಾವ ಗುಡ್ಡ, ಯಾವ ದಾರಿ, ಗಾಡಿ ಎಲ್ಲಿ ನಿಲ್ಲಿಸುತ್ತೀ, ಯಾವತ್ತು ಇಳಿಯುತ್ತೀ? ಬೇಟೆ ಕೆಟ್ಟರೆ ಕೆಡಲಿ, ಬರಿಗೈಯಲ್ಲೇ ಬಾ. ನಿನ್ನ ಉತ್ತರ ಬಂದ ಮೇಲೆ ಪೆಟ್ಟಿಗೆ ಕಟ್ಟುತ್ತೇನೆ. ಅಲ್ಲಿಯವರೆಗೆ ದುರ್ಬೀನು ನನ್ನ ಎದೆಯ ಮೇಲೇ ಇರುತ್ತದೆ. ದೂರ ಅಂತ ಮಾತ್ರ ಬರೀಬ್ಯಾಡಪಾ.