ಸುಣ್ಣದಲ್ಲಿ ಎಳೆದ ಮನೆ

ಭದ್ರಾವತಿ
೧೨–೨–೧೯೬೧

ಮುನೀರ್ ಬೇಟಾ, ನಿನಗೆ ನಮ್ಮೆಲ್ಲರ ದುವಾ.

ಕಾರ್ಖಾನೆಯ ಕೆಲಸಗಾರರಿಗೆಂದು ನೀನು ದಿಲ್ಲಿಯಲ್ಲಿ ಕೂತು ಬರೆದ ಮನೆಯ ನಕ್ಷೆ ಬಂತು. ನಕ್ಷೆ ಓದಲು ನನಗೆ ಯಾರೂ ಕಲಿಸಿಲ್ಲ. ಅದಕ್ಕೇ ನಿನ್ನ ಅಳತೆಯಲ್ಲೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆ. ನಿನ್ನ ಮಾಮಿ ಕುಲ್ಸುಂ ಮಂಚ ತರಿಸಿ ಕೋಣೆಯೊಳಗೆ ಇಡಿಸಿದಳು.

“ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಇಲ್ಲೇ ಮಲಗ್ಬೇಕು. ಒಲೆ ಅವನ ತಲೆ ಹತ್ರಾನೇ ಇದೆಯಲ್ಲ. ಪಾತ್ರೆ ಸದ್ದನ್ನ ನಾನು ಸೆರಗಲ್ಲಿ ಕಟ್ಟಿಕೊಳ್ಳಲಾ?” ಎಂದಳು. ನೆರೆಯವರು ನಕ್ಕರು, ಅಲ್ಲವೆನ್ನಲಿಲ್ಲ.

ರಾತ್ರಿ ಪಾಳಿ ಮುಗಿಸಿ ನಿನ್ನಪ್ಪ ಹಗಲು ಮಲಗಿದಾಗ ನಿನ್ನಮ್ಮ, ನನ್ನ ತಂಗಿ, ಅಂಗಳದಲ್ಲಿ ಅಡುಗೆ ಮಾಡುತ್ತಿದ್ದಳಲ್ಲ, ಮರೆತೆಯಾ? ಒಲೆಯನ್ನು ಹಿತ್ತಿಲ ಕಡೆ ಸರಿಸು. ಮುಂದಿನ ತಿಂಗಳು ಕಾರ್ಖಾನೆಯ ಸಾಹೇಬರು ಈ ನಕ್ಷೆಗೆ ರುಜು ಹಾಕಿದರೆ ಮುನ್ನೂರು ಮನೆ ಹೀಗೇ ಏಳುತ್ತವೆ. ನೀನು ತಿದ್ದಬಲ್ಲೆ, ನನಗೆ ಅನುಮಾನವಿಲ್ಲ.

ಹೊಸ ಅಳತೆ ಕಳಿಸು. ಈ ಸಲ ಮಂಚದ ಮೇಲೆ ನಾನೇ ಮಲಗಿ ನೋಡುತ್ತೇನೆ.

ನಿನ್ನ ಮಾಮು,
ಜಲೀಲ್