ಬಣ್ಣ ಹಿಡಿಯುವಷ್ಟು ಹೊತ್ತು

ಮೇ 9, ಶುಕ್ರವಾರ

ಪಾರ್ಲರ್‌ನಲ್ಲಿ ಇವತ್ತು ಜನ ಕಡಿಮೆ. ಕೂದಲು ಗುಡಿಸಿದೆ, ಟವಲ್ ಒಗೆದು ಹಾಕಿದೆ. ಸಂಜೆ ಹಾಡಿನ ಪ್ರಾಕ್ಟೀಸ್. ಎವ್ದೋಕಿಯಾ ಟೀಚರ್ ಘೋಷಿಸಿಬಿಟ್ಟರು — ನಮ್ಮ ಮಹಿಳಾ ಗಾಯನ ತಂಡ ಈ ಸಲ ಹಾಡಲು ಹೋಗುವುದು ಗಡಿಯಾಚೆ, ಅಲ್ಬೇನಿಯಾದ ಕೋರ್ಚಾ ಪಟ್ಟಣಕ್ಕೆ. ‘ವಿದೇಶ, ವಿದೇಶ’ ಎಂದು ಎಲ್ಲರಿಗೂ ಸಂಭ್ರಮ. ನನಗೆ ನಗು. ಅವರ ವಿದೇಶ ನನ್ನ ತವರು! ಗ್ರೀಸಿನ ಈ ಕಸ್ತೋರಿಯಾದಲ್ಲಿ ಇಪ್ಪತ್ತು ವರ್ಷದ ಹತ್ತಿರ ಪರದೇಶಿಯಾಗಿದ್ದು, ಈಗ ಪ್ರವಾಸಿಯಾಗಿ ತವರಿಗೆ.

ಬಾಯಿ ಸುಮ್ಮನಿರಬೇಕಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಆ ಕಡೆಯಿಂದ ತಕ್ಷಣ — "ಎಷ್ಟು ಜನ ಬರ್ತಾರೆ?"

ಮೇ 23, ಶುಕ್ರವಾರ. ಬೆಳಗ್ಗೆ

ನಾಳೆ ಹೊರಡುವುದು. ಇವತ್ತು ಇಡೀ ತಂಡದ ತಲೆ ನನ್ನ ಕೈಯಲ್ಲಿ.

ಅಂಗಡಿ ತೆರೆಯುವ ಮೊದಲೇ ಅಮ್ಮನ ಫೋನ್. ಹಿಟ್ಟು ಕಲಸಿಟ್ಟಿದ್ದಾಳಂತೆ. ಅಕ್ಕಪಕ್ಕದ ಹೆಂಗಸರೂ ಬಂದಿದ್ದಾರಂತೆ. ಇಡೀ ಬಸ್ಸಿಗೆ ಲಾಕ್ರೋರ್! ಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಲಟ್ಟಿಸಿ, ಪದರಗಳ ನಡುವೆ ಈರುಳ್ಳಿ ಟೊಮೆಟೊ ತುಂಬಿ, ಮೇಲೆ ಕಬ್ಬಿಣದ ಮುಚ್ಚಳ, ಅದರ ಮೇಲೆ ಕೆಂಡ... ಮೈಮುರಿಯುವ ಕೆಲಸ. ಅಮ್ಮನಿಗೆ ಮಂಡಿನೋವು ಬೇರೆ.

"ಯಾಕಮ್ಮ ಇಷ್ಟೆಲ್ಲ..." ಅಂದೆ.

"ಬಸ್ಸು ನಮ್ಮ ಊರ ಮೇಲೇ ಹೋಗೋದಲ್ವಾ? ಬಾಗಿಲ ಮುಂದೆ ಹಾದು ಹೋಗೋರನ್ನ ಒಳಗೆ ಕರೀದಿದ್ರೆ ಆಮೇಲೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ?"

ಮಧ್ಯಾಹ್ನದ ಊಟ ಕೋರ್ಚಾದ ಹೋಟೆಲಿನಲ್ಲಿ ನಿಗದಿಯಾಗಿದೆ ಎಂದು ಅಮ್ಮನಿಗೆ ಹೇಳಿಲ್ಲ. ಅಮ್ಮ ಕಾಯುತ್ತಿದ್ದಾಳೆಂದು ಟೀಚರಿಗೂ ಹೇಳಿಲ್ಲ. ಟೀಚರ್ ಹಾಕಿದ ಕಾರ್ಯಕ್ರಮದಲ್ಲಿ ಕಾಫಿಗೆ ಇಳಿಯುವುದಕ್ಕೂ ಇಷ್ಟೇ ನಿಮಿಷ ಎಂದಿದೆ! ಎರಡೂ ಕಡೆ ಬಾಯಿ ಹೊಲಿದುಕೊಂಡು ಕೂತೆ. ಹೇಡಿ ನಾನು.

ಪ್ರತಿ ಸಲ ಫೋನ್ ಇಡುವ ಮುಂಚೆ ಅಮ್ಮನದು ಒಂದೇ ಪ್ರಶ್ನೆ. "ಅಲ್ಲಿ ನಿನ್ನ ಕಡೆಯವ್ರು ಅಂತ ಯಾರಿದ್ದಾರೆ, ಮಗಾ?" ಇದ್ದಾರಮ್ಮ ಅನ್ನುತ್ತೇನೆ. ಆದರೆ ಪ್ರತಿ ಬೇಸಿಗೆಯಲ್ಲೂ ಒಬ್ಬಳೇ ಬ್ಯಾಗು ಹಿಡಿದು ಊರಲ್ಲಿ ಇಳಿಯುತ್ತೇನೆ. ಹೇಗೆ ನಂಬಿಯಾಳು? ನಾಳೆ ಬಸ್ಸು ನಿಲ್ಲದೆ ಹೋಗಿಬಿಟ್ಟರೆ ನಾನೂ ನಂಬಲಾರೆ.

ಮಧ್ಯಾಹ್ನ

ಪೊಲಿಕ್ಸೇನಿ ಅಜ್ಜಿ ಬಂದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ದೊಡ್ಡ ಗಂಟಲು. ರೋಲರ್ ಸುತ್ತುತ್ತಿದ್ದೆ.

"ಏನೇ ಲಿರಿ, ಮುಖ ಹುಳಿ ಮೊಸರಿನ ಹಾಗಿದೆ?"

ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

"ಅಯ್ಯೋ ಪೆದ್ದಿ! ಎವ್ದೋಕಿಯಾ ಬಣ್ಣಕ್ಕೆ ಬರ್ತಾಳಲ್ಲ? ತಲೆಗೆ ಮೆತ್ತಿದ ಮೇಲೆ ಹೇಳು. ಆ ಅವತಾರದಲ್ಲಿ ಬೀದಿಗೆ ಎದ್ದು ಹೋಗ್ತಾಳಾ? ಬಣ್ಣ ಹಿಡಿಯೋವರೆಗೂ ನಮ್ಮ ಕೈಲಿ ಸಿಕ್ಕಿಬಿದ್ದ ಹಾಗೆ. ನಾನೂ ಇಲ್ಲೇ ಕೂತಿರ್ತೀನಿ."

ಅಜ್ಜಿಗೆ ಎಂಥ ತಲೆ! ಕಾಫಿ ಮಾಡಿಕೊಟ್ಟೆ.

ಸಂಜೆ

ಎಲ್ಲ ಹಾಳಾಯಿತು.

ಟೀಚರ್ ಬಂದರು. ಎಂದಿನ ಬಣ್ಣ — ಕಂದು, ತುಸುವೇ ಕೆಂಪು ಛಾಯೆ. ಮೆತ್ತಿದೆ. ಅಜ್ಜಿ ಹಿಂದಿನಿಂದ ಕಣ್ಣು ಹೊಡೆದರು. ಹೇಳಿದೆ.

"ಆಗಲ್ಲ ಲಿರಿ. ಹೋಟೆಲಿನವನಿಗೆ ಮಾತು ಕೊಟ್ಟಿದ್ದೀನಿ. ಅದೂ ಅಲ್ದೆ, ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದ್ರೆ ಸಂಜೆ ಇವರ ಗಂಟಲಲ್ಲಿ ಸ್ವರ ಬರುತ್ತಾ? ತೇಗು ಬರುತ್ತೆ."

"ತೇಗೂ ಶ್ರುತೀಲೇ ಬರುತ್ತೆ ಬಿಡೆ," ಅಂದರು ಅಜ್ಜಿ.

ಆಗಲೇ ಅಮ್ಮನ ವಿಡಿಯೋ ಕಾಲ್. ನನ್ನ ಕೈಯಲ್ಲಿ ಗ್ಲೌಸ್. ಅಜ್ಜಿ ಎತ್ತಿಕೊಂಡರು. ಜೋರಾಗಿ ಹೇಳಿದರೆ ಗ್ರೀಕ್ ಅರ್ಥವಾದೀತೆಂದು ಒಂದೇ ಸಮ ಕೂಗು. ಅಮ್ಮ ಅಂಗಳ ತೋರಿಸಿದಳು. ಕೆಂಡದ ಹೊಗೆ. ಊರೆಲ್ಲ ಸುತ್ತಿ ತಂದ ಕುರ್ಚಿಗಳು, ಒಂದರ ಹಾಗೆ ಒಂದಿಲ್ಲ. ಬೆರಳು ಮಾಡಿ ಏನೋ ಕೇಳಿದಳು.

"ಏನಂತಾರೆ ನಿಮ್ಮಮ್ಮ?" ಟೀಚರ್ ಕೇಳಿದರು.

"ಇವರೇನಾ ನಿನ್ನ ಕಡೆಯವ್ರು ಅಂತ ಕೇಳ್ತಿದ್ದಾಳೆ. ಇಷ್ಟು ವರ್ಷ ನಾನು ಹೇಳಿದ್ದು ನಂಬಲಿಲ್ಲವಂತೆ. ನಾಳೆ ಎಲ್ಲರ ಮುಖ ನೋಡ್ಬೇಕಂತೆ."

ಅತ್ತುಬಿಟ್ಟೆ. ಗ್ಲೌಸ್ ಹಾಕಿದ ಕೈ, ಕಣ್ಣೊರೆಸುವ ಹಾಗೂ ಇಲ್ಲ. ಅಜ್ಜಿಯೂ ಅತ್ತರು. ಆ ಕಡೆ ಅಮ್ಮನೂ. ಟೀಚರ್ ಮಾತ್ರ ಕನ್ನಡಿಯಲ್ಲೇ ಆ ಫೋನಿನ ಕಡೆ ನೋಡುತ್ತಾ ಕೂತಿದ್ದರು.

ಈ ಗಲಾಟೆಯಲ್ಲಿ ಬಣ್ಣ ಮರೆತೇಹೋಯಿತು. ತೊಳೆದು ನೋಡುತ್ತೇನೆ — ದೇವರೇ! ಬೀಟ್‌ರೂಟ್. ಅಪ್ಪಟ ಬೀಟ್‌ರೂಟ್.

"ನಾಳೆ ಇದನ್ನ ಹೊತ್ಕೊಂಡು ವೇದಿಕೆ ಹತ್ಬೇಕಾ ನಾನು?"

"ಕೂತ್ಕೊಳ್ಳಿ ಟೀಚರ್, ಸರಿ ಮಾಡ್ತೀನಿ..."

"ಇವತ್ತಿಗೆ ಸಾಕು."

ತಲೆಗೆ ಟವಲ್ ಸುತ್ತಿಕೊಂಡು ನಡೆದೇಬಿಟ್ಟರು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಮ್ಮನಿಗೆ ‘ಒಲೆ ಆರಿಸು’ ಅನ್ನಲೂ ಬಾಯಿ ಬರಲಿಲ್ಲ. ಬಟ್ಟೆ ಜೋಡಿಸಿದೆ, ತೆಗೆದೆ, ಮತ್ತೆ ಜೋಡಿಸಿದೆ. ಬೆಳಗ್ಗೆ ಬಸ್ಸಿನ ಹತ್ತಿರ ಹೋಗುತ್ತೇನೆ. ಬೈದರೆ ಬೈಯಲಿ.

ಮೇ 24, ಶನಿವಾರ. ಬಸ್ಸಿನಲ್ಲಿ

ಅಕ್ಷರ ಸೊಟ್ಟ. ರಸ್ತೆ ಹಾಗಿದೆ.

ಟೀಚರ್ ಬಸ್ಸಿನ ಬಾಗಿಲಲ್ಲೇ ನಿಂತಿದ್ದರು. ಟೋಪಿ ಇಲ್ಲ, ಸ್ಕಾರ್ಫ್ ಇಲ್ಲ. ಬೆಳಗಿನ ಬಿಸಿಲಿಗೆ ತಲೆ ಧಗಧಗ. ನಾನು ಬಾಯಿ ತೆರೆಯುವ ಮೊದಲೇ —

"ಮೊಮ್ಮಗಳು ಚೆನ್ನಾಗಿದೆ ಅಂದ್ಳು. ನೀನು ಮಾತಾಡ್ಬೇಡ. ಹತ್ತು."

ಹತ್ತಿದೆ. ಊರಂಚಿನ ಕೆರೆ ದಾಟಿದ ಮೇಲೆ ಟೀಚರ್ ಮೈಕ್ ಹಿಡಿದರು. ಹೋಟೆಲ್ ಊಟ ರಾತ್ರಿಗೆ. ಮಧ್ಯಾಹ್ನ ಲಿರಿಯ ತಾಯಿಯ ಮನೆಯಲ್ಲಿ. "ಒಬ್ಬೊಬ್ಬರಿಗೆ ಒಂದೇ ತುಂಡು. ಹಾಡೋದಿದೆ!"

"ಎರಡು!" ಹಿಂದಿನ ಸೀಟಿನಿಂದ ಅಜ್ಜಿಯ ಕೂಗು.

ಬಸ್ಸೆಲ್ಲ ನಗು. ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಮೂಗು ಒರೆಸಿಕೊಂಡೆ.

ಈಗ ಟೀಚರ್ ನನ್ನ ಸೀಟಿನ ಪಕ್ಕ ಬಂದು ನಿಂತಿದ್ದಾರೆ. "ಲಿರಿ, ‘ನಾವು ಲಿರಿ ಕಡೆಯವ್ರು’ ಅನ್ನೋದು ನಿಮ್ಮ ಭಾಷೇಲಿ ಹೇಗೆ? ಬೇಗ ಹೇಳು. ಗಡಿ ಬರೋಷ್ಟರಲ್ಲಿ ರಾಗಕ್ಕೆ ಕೂರಿಸ್ಬೇಕು."

ಹೇಳಿಕೊಟ್ಟೆ. ಇಡೀ ಬಸ್ಸು ಒಟ್ಟಿಗೆ ಹೇಳಿತು. ಉಚ್ಚಾರ ಅಧ್ವಾನ. ಅಮ್ಮನಿಗೆ ತಿಳಿದೀತು.

"ಇನ್ನೊಮ್ಮೆ," ಅಂದರು ಟೀಚರ್. "ಲಿರಿ, ಪುಸ್ತಕ ಮುಚ್ಚು, ನೀನೂ ಹಾ —